ಕಲ್ಪಿತಲೋಕದ ಆಟದಲ್ಲಿ ವಾಸ್ತವತೆಗೆ ಎಷ್ಟು ಅಧಿಕಾರ?

ಕಳೆದ ಬೇಸಗೆಯ ರಜದಲ್ಲಿ ಹಂಪಾಪುರದ ನಮ್ಮ ಮನೆಯ ಜಗಲಿಯ ಮೇಲೆ ನಡೆದ ಒಂದು ಸಣ್ಣ ಜಗಳವೇ ಈ ಲೇಖನಕ್ಕೆ ಕಾರಣವಾದುದು. ಮೈಸೂರು ಬೆಂಗಳೂರುಗಳಲ್ಲಿ ಓದುತ್ತಿರುವ ನಮ್ಮ ಮನೆಯ ಮಕ್ಕಳೂ ನೆಂಟರ ಮಕ್ಕಳೂ ಐದಾರು ಮಂದಿ ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ ಆಡುವ ಒಂದು ಹೊಸ ಬಗೆಯ ಆಟದಲ್ಲಿ ಮಗ್ನರಾಗಿದ್ದರು. ಆಟದ ಕಥೆಯಲ್ಲಿ ಬೆಂಕಿಯನ್ನು ಉಗುಳುವ ಹಾರುಸರ್ಪವಿದ್ದಿತು. ಮಂತ್ರಬಲದಿಂದ ಕಬ್ಬಿಣದ ಬಾಗಿಲನ್ನು ತೆರೆಯುವ ಮುದುಕನಿದ್ದನು. ಸತ್ತವರು ಎದ್ದು ನಡೆಯುವ ಹಾಳುಕೋಟೆಯೊಂದಿದ್ದಿತು. ಇವುಗಳಲ್ಲಿ ಯಾವುದನ್ನೂ ಯಾರೂ ಆಕ್ಷೇಪಿಸಲಿಲ್ಲ. ಅಷ್ಟರಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು, ತಾನು ಜೇನುಕುರುಬರ ಹೆಂಗಸಾಗಿ, ಹೆಜ್ಜೆಯ ಗುರುತು ಹಿಡಿದು ಕಾಡಿನಲ್ಲಿ ದಂಡನ್ನು ನಡೆಸುವ ನಾಯಕಿಯಾಗಿ ಆಡುವೆನೆಂದಳು. ಒಡನೆಯೇ ಹುಡುಗರಿಬ್ಬರು, “ಅದು ರಿಯಲಿಸ್ಟಿಕ್ ಅಲ್ಲ; ಅಂಥವಳ ಮಾತನ್ನು ರಾಜನ ಸೈನಿಕರು ಕೇಳುತ್ತಿದ್ದರೆ?” ಎಂದು ತಡೆದರು. ಹುಡುಗಿ ನನ್ನ ಕಡೆಗೆ ತಿರುಗಿ, “ತಾತ, ಹಾರುವ ಹಾವು ಇರಬಹುದಂತೆ, ನಾನು ಮಾತ್ರ ಇರಕೂಡದಂತೆ. ಇದು ಯಾವ ನ್ಯಾಯ?” ಎಂದು ಕೇಳಿದಳು. ಆಗ ನಾನು ಏನೋ ಒಂದು ಸಮಾಧಾನದ ಮಾತನ್ನು ಹೇಳಿ ಸುಮ್ಮನಾದೆನು. ಆ ಪ್ರಶ್ನೆಗೆ ಸಲ್ಲಬೇಕಾದ ಉತ್ತರ ಅದಾಗಿರಲಿಲ್ಲ. ಸಲ್ಲಬೇಕಾದುದನ್ನು ಈಗ ಬರೆಯುತ್ತಿದ್ದೇನೆ.

ಹುಡುಗರಾಟದ ಜಗಳಕ್ಕೆ ಸಾಹಿತ್ಯಪತ್ರಿಕೆಯ ಪುಟಗಳು ಏಕೆ ಎಂದು ಕೆಲವರು ಕೇಳಬಹುದು. ಆದರೆ ಅದ್ಭುತವಾದ ಕಥೆಯಲ್ಲಿ ವಾಸ್ತವತೆಯ ಸ್ಥಾನವೇನು ಎಂಬುದು ಹುಡುಗರು ಹುಟ್ಟಿಸಿದ ಪ್ರಶ್ನೆಯಲ್ಲ. ಅದು ನಮ್ಮ ಕಾವ್ಯಮೀಮಾಂಸೆಯ ಹಳೆಯ ಪ್ರಶ್ನೆ. ಕನ್ನಡದ ಕವಿಗಳು ಒಂಬೈನೂರು ವರ್ಷಗಳ ಹಿಂದೆಯೇ ಕೈಹಚ್ಚಿದ ಪ್ರಶ್ನೆ. ನನ್ನ ಮತವನ್ನು ಮೊದಲೇ ಹೇಳಿಬಿಡುತ್ತೇನೆ. ವಾಸ್ತವತೆಯೆಂಬ ಒಂದೇ ಮಾತಿನ ಮರೆಯಲ್ಲಿ ಮೂರು ಬೇರೆಬೇರೆ ಪದಾರ್ಥಗಳು ಅಡಗಿಕೊಂಡಿವೆ. ಮೊದಲನೆಯದು ಅಳತೆಯ ವಾಸ್ತವತೆ. ಅದು ಆಟಕ್ಕೆ ಸ್ವಲ್ಪಮಟ್ಟಿಗೆ ಬೇಕು, ಹೆಚ್ಚಾದರೆ ಹೊರೆ. ಎರಡನೆಯದು ನಿಷೇಧದ ವಾಸ್ತವತೆ. ಅದು ವಾಸ್ತವತೆಯೇ ಅಲ್ಲ, ನಮ್ಮ ಹಳೆಯ ಪೂರ್ವಗ್ರಹವು ಹಾಕಿಕೊಂಡ ಹೊಸ ಅಂಗಿ. ಮೂರನೆಯದು ಪರಿಣಾಮದ ವಾಸ್ತವತೆ. ಅದಿಲ್ಲದೆ ಆಟವೂ ಇಲ್ಲ, ಕಥೆಯೂ ಇಲ್ಲ. ನಮ್ಮ ಹುಡುಗರು ಮೊದಲನೆಯದಕ್ಕಾಗಿ ಹೊಡೆದಾಡುತ್ತಾರೆ, ಎರಡನೆಯದನ್ನು ಆಯುಧವಾಗಿ ಹಿಡಿಯುತ್ತಾರೆ, ಮೂರನೆಯದನ್ನು ಮರೆತೇಬಿಟ್ಟಿದ್ದಾರೆ.

ಈ ಆಟವನ್ನು ಕಾಣದ ವಾಚಕರಿಗಾಗಿ ಅದರ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಅವರಲ್ಲಿ ಒಬ್ಬನು ನಿರ್ವಾಹಕ. ಲೋಕವನ್ನೂ ಅದರಲ್ಲಿನ ವೈರಿಗಳನ್ನೂ ಊರುಕೇರಿಗಳನ್ನೂ ಅವನು ಬಾಯಿಮಾತಿನಲ್ಲಿ ಕಟ್ಟುತ್ತಾನೆ. ಉಳಿದವರು ಯೋಧ, ಮಂತ್ರವಾದಿ, ಕಳ್ಳ ಎಂದು ಮುಂತಾಗಿ ಒಂದೊಂದು ಪಾತ್ರವನ್ನು ಹಿಡಿದು, ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಫಲಿತಾಂಶವು ಸಂದೇಹವಾಗಿರುವೆಡೆಯಲ್ಲಿ ದಾಳವನ್ನು ಹಾಕುತ್ತಾರೆ. ಆ ದಾಳಗಳಲ್ಲಿ ಇಪ್ಪತ್ತು ಮುಖದ್ದೂ ಒಂದುಂಟು. ವೇಷವಿಲ್ಲ, ರಂಗವಿಲ್ಲ, ಬರೆದಿಟ್ಟ ಮಾತಿಲ್ಲ. ಅಮೆರಿಕದ ಗೇರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಈ ಜಾತಿಯ ಆಟಗಳಿಗೆ ಮೂಲ. ಅದೇ ವರ್ಷ ನಮ್ಮ ಹೆಗ್ಗಡದೇವನಕೋಟೆಯ ತಾಲೂಕಿನಲ್ಲಿ ಕಬಿನಿಯ ಅಣೆಕಟ್ಟು ಮುಗಿದು, ಎಷ್ಟೋ ಮನೆಗಳೂ ಹೊಲಗಳೂ ನೀರಿನ ಅಡಿಗೆ ಸೇರಿದುವು. ಈ ಎರಡು ಸಂಗತಿಗಳನ್ನು ಜೊತೆಗಿಟ್ಟುದು ಏಕೆಂಬುದು ಮುಂದೆ ತಿಳಿಯುವುದು.

ಮೊದಲು ಅಳತೆಯ ವಾಸ್ತವತೆಯನ್ನು ವಿಚಾರಿಸೋಣ. ಈ ಆಟದ ಪೂರ್ವಜರು ಕವಿಗಳಲ್ಲ, ಸೇನಾಧಿಕಾರಿಗಳು. ಪ್ರಷ್ಯದ ರೈಸ್‌ವಿಟ್ಜ್ ಎಂಬ ಫಿರಂಗಿದಳದ ಅಧಿಕಾರಿ 1824ರಲ್ಲಿ ಭೂಪಟದ ಮೇಲೆ ಆಡುವ ಯುದ್ಧದಾಟವೊಂದನ್ನು ಪ್ರಕಟಿಸಿದನು. ದಂಡಿನ ನಡಿಗೆಯ ವೇಗ, ಗುಂಡಿನಿಂದಾಗುವ ನಷ್ಟ, ಇವೆಲ್ಲಕ್ಕೂ ಅದರಲ್ಲಿ ಕೋಷ್ಟಕಗಳಿದ್ದುವು, ದಾಳಗಳಿದ್ದುವು. ಯುದ್ಧವನ್ನು ಕಲಿಸುವುದಕ್ಕೆ ಅದು ಒಳ್ಳೆಯ ಸಾಧನವೇ ಆಗಿದ್ದಿತು. ಆದರೆ ಕೋಷ್ಟಕಗಳನ್ನು ನೋಡಿ ಕೂಡಿಸಿ ಕಳೆಯುವುದರಲ್ಲಿಯೇ ಹೊತ್ತು ಹೋಗುತ್ತಿದ್ದುದರಿಂದ ಅಧಿಕಾರಿಗಳು ಬೇಸತ್ತರು. 1876ರಲ್ಲಿ ಫೆರ್ಡಿ ದ್ಯು ವೆರ್ನ್ವಾ ಎಂಬ ಪ್ರಷ್ಯದ ಸೇನಾನಿಯೇ, ಈ ಲೆಕ್ಕವನ್ನೆಲ್ಲ ಬಿಟ್ಟು, ಯುದ್ಧವನ್ನು ಕಂಡರಿತ ಮಧ್ಯಸ್ಥನ ವಿವೇಕಕ್ಕೆ ತೀರ್ಮಾನವನ್ನು ಒಪ್ಪಿಸಬೇಕೆಂದು ವಾದಿಸಿದನು. ನಿಜವಾದ ಕಾಳಗಕ್ಕೆ ಸಿದ್ಧರಾಗುತ್ತಿದ್ದವರೇ ಕೋಷ್ಟಕದ ವಾಸ್ತವತೆಯಿಂದ ದಣಿದರೆಂಬುದನ್ನು ನಮ್ಮ ಹುಡುಗರು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು.

ಅದೇ ಕಥೆ ಅಮೆರಿಕದಲ್ಲಿಯೂ ನಡೆಯಿತು. ಗೈಗಾಕ್ಸನ ಆಟದಲ್ಲಿ ಪ್ರತಿಯೊಬ್ಬ ಪಾತ್ರಧಾರಿಗೂ ಇಷ್ಟು ಎಂದು ಪ್ರಾಣದ ಅಂಕಗಳುಂಟು. ಏಟು ಬಿದ್ದಂತೆ ಅಂಕಗಳು ಇಳಿಯುತ್ತವೆ. ಅನುಭವ ಬೆಳೆದಂತೆ ಅಂಕಗಳೂ ಬೆಳೆಯುವುದರಿಂದ, ಪಳಗಿದ ಯೋಧನು ಬೆಟ್ಟದಿಂದ ಬಿದ್ದರೂ ಮೈಕೊಡವಿಕೊಂಡು ಎದ್ದು ಬರುವನು. ಇದು ಅಸಂಬದ್ಧವೆಂದು ಹಲವರು ಹಾಸ್ಯಮಾಡಿದರು. 1978ರಲ್ಲಿ ಪ್ರಕಟವಾದ ‘ರೂನ್‌ಕ್ವೆಸ್ಟ್’ ಎಂಬ ಆಟವು, ಏಟು ತಲೆಗೆ ಬಿದ್ದಿತೇ ತೋಳಿಗೆ ಬಿದ್ದಿತೇ ಕಾಲಿಗೆ ಬಿದ್ದಿತೇ ಎಂಬುದನ್ನು ಬೇರೆಬೇರೆಯಾಗಿ ಎಣಿಸಿತು. ಅನಂತರ ಬಂದ ಆಟಗಳು ಗಾಯಗಳಿಗೇ ಪುಟಗಟ್ಟಲೆ ಪಟ್ಟಿಗಳನ್ನು ಮಾಡಿದುವು. ಗೈಗಾಕ್ಸನಾದರೋ 1979ರಲ್ಲಿ ನಿರ್ವಾಹಕರಿಗಾಗಿ ಬರೆದ ಕೈಪಿಡಿಯಲ್ಲಿ, ತನ್ನದು ಆಟವೇ ಹೊರತು ನಿಜಲೋಕದ ಪ್ರತಿರೂಪವಲ್ಲವೆಂದು ಸ್ಪಷ್ಟವಾಗಿ ಹೇಳಿಕೊಂಡನು. ಹೀಗೆ ಹೇಳಿದವನ ಪುಸ್ತಕದಲ್ಲಿಯೂ ಹೊರೆಯನ್ನು ಚಿನ್ನದ ನಾಣ್ಯಗಳ ತೂಕದಲ್ಲಿ ಎಣಿಸುವ ಲೆಕ್ಕವಿದ್ದಿತು. ಹತ್ತು ನಾಣ್ಯಕ್ಕೆ ಒಂದು ಪೌಂಡು. ಘಟಸರ್ಪದ ಭಂಡಾರವನ್ನು ಗೆದ್ದ ವೀರರು ಅಲ್ಲಿಯೇ ಕುಳಿತು, ಮೂಟೆಯ ತೂಕವನ್ನು ದಿನಸಿ ಅಂಗಡಿಯವರಂತೆ ಕೂಡಿಸುತ್ತಿದ್ದರೆಂದರೆ ನಗು ಬಾರದಿರದು.

ನಾನು ಅಳತೆಯನ್ನು ಪೂರ್ತಿಯಾಗಿ ತಳ್ಳಿಹಾಕುವವನಲ್ಲ. ಎಷ್ಟು ದೂರ ನಡೆಯಬಹುದು, ಎಷ್ಟು ದಿನದ ಬುತ್ತಿಯಿದೆ ಎಂಬುದು ತಿಳಿದರೇನೇ ಪಯಣದಲ್ಲಿ ಭಯವೂ ಆಸೆಯೂ ಹುಟ್ಟುತ್ತವೆ. ಆದರೆ ಅಳತೆಯು ಸಾಧನ, ಗುರಿಯಲ್ಲ. ನಮ್ಮ ಹಳ್ಳಿಗಳಲ್ಲಿ ಜಾತ್ರೆಯ ಕಾಲಕ್ಕೆ ‘ಕುರುಕ್ಷೇತ್ರ’ ನಾಟಕವಾಡುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಹಗಲೆಲ್ಲ ಹೊಗೆಸೊಪ್ಪಿನ ಹೊಲದಲ್ಲಿ ದುಡಿದವನು, ಪಾತ್ರಕ್ಕೆ ಕೈಯಿಂದ ಹಣ ಕೊಟ್ಟು, ಹಾರ್ಮೋನಿಯಂ ಮೇಷ್ಟರ ಬಳಿ ತಿಂಗಳುಗಟ್ಟಲೆ ಕಂದ ವೃತ್ತಗಳನ್ನು ಕಲಿತು, ಬಾಡಿಗೆಯ ಕಿರೀಟವನ್ನಿಟ್ಟು ದುರ್ಯೋಧನನಾಗುತ್ತಾನೆ. ಅವನ ಗದೆ ಬಣ್ಣ ಬಳಿದ ಮರ. ಅವನ ಅರಮನೆ ಬಣ್ಣದ ಪರದೆ. ಗದೆಯ ತೂಕವೆಷ್ಟು ಎಂದು ಸಭೆಯಲ್ಲಿ ಯಾರೂ ಕೇಳಿದ್ದಿಲ್ಲ. ಆದರೆ ತಮ್ಮಂದಿರೆಲ್ಲರನ್ನೂ ಕಳೆದುಕೊಂಡ ಮೇಲೆ ಆ ದುರ್ಯೋಧನನು ಉತ್ಸವದಲ್ಲಿರುವವನಂತೆ ಹಾಡಿದನಾದರೆ, ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತ ಮುದುಕಿಯೂ, “ಇವನಿಗೆ ಹೊಟ್ಟೆ ಉರಿಯಲಿಲ್ಲವೇ?” ಎಂದು ಬಯ್ಯುವಳು. ವಾಸ್ತವತೆಯನ್ನು ಎಲ್ಲಿ ಕೇಳಬೇಕೆಂಬುದು ಆ ಮುದುಕಿಗೆ ತಿಳಿದಿದೆ. ನಮ್ಮ ಓದಿದ ಹುಡುಗರಿಗೆ ತಿಳಿಯದು.

ಇನ್ನೂ ಹತ್ತಿರದ ಉದಾಹರಣೆಯೆಂದರೆ ಕರಾವಳಿ, ಮಲೆನಾಡು, ಕಾಸರಗೋಡುಗಳ ತಾಳಮದ್ದಳೆ. ಅಲ್ಲಿ ಅರ್ಥಧಾರಿಗಳು ವೇಷವಿಲ್ಲದೆ ಎದುರುಬದುರಾಗಿ ಕುಳಿತು, ಭಾಗವತರು ಪದ ಹಾಡಿದೊಡನೆ, ರಾಮನಾಗಿ ರಾವಣನಾಗಿ ಆಶುವಾಗಿ ಮಾತನಾಡುತ್ತಾರೆ. ಕುಳಿತಲ್ಲಿಯೇ ಪಾತ್ರವಾಗುವ ಈ ಕಲೆಗೂ ಮೇಜಿನ ಸುತ್ತಲಿನ ಈ ಆಟಕ್ಕೂ ಇರುವ ಸಾಮ್ಯವು ಆಶ್ಚರ್ಯಕರವಾದುದು. ಭೇದವೂ ಉಂಟು. ಪ್ರಸಂಗದ ಅಂತ್ಯವು ಮೊದಲೇ ಗೊತ್ತಾದುದು; ವಾಲಿ ಬೀಳಲೇಬೇಕು. ಆಟದಲ್ಲಿಯಾದರೋ ದಾಳವು ಬಿದ್ದಂತೆ. ಈಗ ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಯು ವಾಲಿಯಾಗಿ ಕುಳಿತನೆಂದರೆ, ಕಪಿಯು ಮಾತನಾಡುವುದು ಹೇಗೆ ಎಂಬ ಪ್ರಶ್ನೆ ಸಭೆಯಲ್ಲಿ ಯಾರ ಮನಸ್ಸಿಗೂ ಬಾರದು. ಮರೆಯಲ್ಲಿ ನಿಂತು ಬಾಣಬಿಟ್ಟುದು ನಿನಗೆ ಧರ್ಮವೇ ಎಂದು ವಾಲಿ ಕೇಳುವಾಗ, ಆ ಪ್ರಶ್ನೆಗೆ ರಾಮನ ಉತ್ತರ ನಿಲ್ಲುವುದೇ ಬೀಳುವುದೇ ಎಂದು ಸಭೆಯೆಲ್ಲ ಉಸಿರು ಹಿಡಿದಿರುತ್ತದೆ. ಕಪಿಯ ಬಾಯಿಂದ ಬಂದರೂ ಆ ಪ್ರಶ್ನೆ ನಿಜವಾದುದು. ಅದ್ಭುತಕಥೆಗೆ ಬೇಕಾದ ವಾಸ್ತವತೆ ಇದೇ.

ಈ ವಿವೇಕಕ್ಕೆ ನಮ್ಮ ಆಲಂಕಾರಿಕರು ಔಚಿತ್ಯವೆಂದು ಹೆಸರಿಟ್ಟರು. ಒಂಬತ್ತನೆಯ ಶತಮಾನದ ಆನಂದವರ್ಧನನು ರಸಭಂಗಕ್ಕೆ ಅನೌಚಿತ್ಯಕ್ಕಿಂತ ಬೇರೆ ಕಾರಣವಿಲ್ಲವೆಂದನು. ಅವನು ಕೊಡುವ ಉದಾಹರಣೆ ನಮ್ಮ ವಿಷಯಕ್ಕೆ ಹೇಳಿಸಿದಂತಿದೆ: ಕೇವಲ ಮನುಷ್ಯನಾದ ರಾಜನು ಏಳು ಸಮುದ್ರಗಳನ್ನು ದಾಟಿದನೆಂದು ಎಷ್ಟು ಸೊಗಸಾಗಿ ವರ್ಣಿಸಿದರೂ ಅದು ನೀರಸವೇ. ಸಮುದ್ರೋಲ್ಲಂಘನವೇ ದೋಷವೆಂದು ಇದರ ಅರ್ಥವಲ್ಲ; ಹನುಮಂತನು ಹಾರಿದರೆ ಅದು ಉಚಿತ. ಆಯಾ ಪಾತ್ರದ ಸ್ವಭಾವಕ್ಕೂ ಆಯಾ ಲೋಕದ ಕಟ್ಟಿಗೂ ಕೃತ್ಯವು ಹೊಂದಬೇಕೆಂಬುದೇ ಅವನ ನಿಯಮ. ಗ್ರೀಕರ ಅರಿಸ್ಟಾಟಲನೂ, ನಂಬಲಾಗದ ಸಂಭಾವ್ಯಕ್ಕಿಂತ ನಂಬಲಾಗುವ ಅಸಂಭಾವ್ಯವೇ ಕವಿಗೆ ಮೇಲೆಂದನು. ಈ ಆಟಗಳಿಗೆ ಬಹುಪಾಲು ಸಾಮಗ್ರಿಯನ್ನು ಒದಗಿಸಿದ ಇಂಗ್ಲೆಂಡಿನ ಟೋಲ್ಕಿನ್ ಮಹಾಶಯನು 1939ರಲ್ಲಿ ಕಿನ್ನರಕಥೆಗಳನ್ನು ಕುರಿತು ಮಾಡಿದ ಉಪನ್ಯಾಸದಲ್ಲಿ, ಕಲ್ಪಿತಲೋಕಕ್ಕೆ ತನ್ನೊಳಗೆ ತಾನು ಸುಸಂಗತವಾದ ಒಂದು ನಿಜವಿರಬೇಕೆಂದು ಪ್ರತಿಪಾದಿಸಿದನು. ದೇಶಕಾಲಗಳು ಬೇರೆಯಾದರೂ ಮೂವರೂ ಮುಟ್ಟಿದ ಜಾಗ ಒಂದೇ.

ಇದಕ್ಕೆ ವಿರುದ್ಧವಾಗಿ, ಅದ್ಭುತವನ್ನು ಕಳಚಿ ನಿಜವನ್ನೇ ನಿಲ್ಲಿಸಬೇಕೆಂಬ ಪಕ್ಷವೂ ನಮ್ಮಲ್ಲಿ ಗೌರವವುಳ್ಳದ್ದಾಗಿಯೇ ಇದೆ. ಜೈನರ ರಾಮಾಯಣಪರಂಪರೆ ಆ ಪಕ್ಷದ್ದು. ಪ್ರಾಕೃತದಲ್ಲಿ ವಿಮಲಸೂರಿಯು ರಾಮಕಥೆಯಲ್ಲಿನ ನಂಬಲಾಗದ ಸಂಗತಿಗಳನ್ನು ಪ್ರಶ್ನಿಸಿದನು. ವಾನರರು ಕಪಿಗಳಲ್ಲ, ಕಪಿಧ್ವಜವುಳ್ಳ ಒಂದು ವಂಶದವರು. ರಾಕ್ಷಸರು ನರಭಕ್ಷಕರಲ್ಲ, ವಿದ್ಯಾಧರರು. ರಾವಣನಿಗೆ ಹತ್ತು ತಲೆಯಿರಲಿಲ್ಲ, ರತ್ನಹಾರದಲ್ಲಿ ಅವನ ಮುಖವು ಒಂಬತ್ತಾಗಿ ಪ್ರತಿಬಿಂಬಿಸಿದುದರಿಂದ ದಶಮುಖನೆಂಬ ಹೆಸರು ಬಂದಿತು. ಈ ಹಾದಿಯಲ್ಲಿಯೇ ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ನಮ್ಮ ನಾಗಚಂದ್ರನು ‘ರಾಮಚಂದ್ರಚರಿತಪುರಾಣ’ವನ್ನು ಬರೆದನು. ನಮ್ಮ ಹುಡುಗರ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಕ್ಕದು; ಆದುದರಿಂದ ಅದನ್ನು ನಾನೇ ಮುಂದಿಡುತ್ತಿದ್ದೇನೆ. ಆದರೆ ನಾಗಚಂದ್ರನು ಉಳಿದುದು ಯಾವುದರಿಂದ? ಹತ್ತು ತಲೆಯ ಸಮಸ್ಯೆ ರತ್ನಹಾರದಿಂದ ಪರಿಹಾರವಾಯಿತೆಂದು ಯಾರಾದರೂ ಆ ಕಾವ್ಯವನ್ನು ಎದೆಗೊತ್ತಿಕೊಂಡುದುಂಟೆ? ಸೀತೆಯ ದೃಢವ್ರತವನ್ನು ಕಂಡು ರಾವಣನ ಮನಸ್ಸು ತಿರುಗಿ, ತಾನು ಮಾಡಿದುದು ತಪ್ಪೆಂದು ಬೆಂದು, ಆದರೂ ಯುದ್ಧದಲ್ಲಿ ಗೆದ್ದ ಮೇಲೆಯೇ ಅವಳನ್ನು ಒಪ್ಪಿಸುವೆನೆಂದು ಅಭಿಮಾನದಿಂದ ನಿಂತು, ಆ ಅಭಿಮಾನದಿಂದಲೇ ಅಳಿದನಲ್ಲ, ಅದರಿಂದ. ಬಿ. ಎಂ. ಶ್ರೀಕಂಠಯ್ಯನವರು ಅವನನ್ನು ದುರಂತನಾಯಕನೆಂದು ಎತ್ತಿಹಿಡಿದುದೂ ಈ ಕಾರಣದಿಂದಲೇ. ಅಂದಮೇಲೆ, ತಲೆಗಳನ್ನು ಎಣಿಸುವ ವಾಸ್ತವತೆ ಸಣ್ಣದು; ತಲೆಯೊಳಗಿನ ಕುದಿತವನ್ನು ಕಾಣಿಸುವ ವಾಸ್ತವತೆ ದೊಡ್ಡದು. ಹತ್ತು ತಲೆಯನ್ನು ಉಳಿಸಿಕೊಂಡವರೂ ಅದನ್ನು ಸಾಧಿಸಿದ್ದಾರೆ, ಒಂದೇ ತಲೆಯವರೂ ಸಾಧಿಸಿದ್ದಾರೆ.

ಈಗ ಎರಡನೆಯದಾದ ನಿಷೇಧದ ವಾಸ್ತವತೆಗೆ ಬರುತ್ತೇನೆ. ಇಲ್ಲಿ ನನ್ನ ಮಾತು ಸ್ವಲ್ಪ ಕಟುವಾದರೆ ವಾಚಕರು ಕ್ಷಮಿಸಬೇಕು. ಸರ್ಪವು ಹಾರಬಹುದು, ಹೆಣ ನಡೆಯಬಹುದು. ಹೆಂಗಸು ದಂಡನ್ನು ನಡೆಸಲಾಗದು, ಕಾಡಿನವಳ ಮಾತನ್ನು ನಾಡಿನವರು ಕೇಳಲಾಗದು ಎಂಬುದು ಯಾವ ಶಾಸ್ತ್ರ? ಪ್ರಕೃತಿನಿಯಮವನ್ನೇ ಸಡಿಲಿಸಿದವರಿಗೆ ಸಮಾಜದ ಕಟ್ಟಳೆಯನ್ನು ಸಡಿಲಿಸಲು ಕೈ ನಡುಗುವುದೇಕೆ? ವಾಸ್ತವತೆಯ ಮೇಲಿನ ಪ್ರೀತಿಯಿಂದ ಹೀಗೆ ಆಗುವುದಾದರೆ ಮೊದಲು ಸರ್ಪವನ್ನು ಓಡಿಸಬೇಕಾಗಿತ್ತು. ಸರ್ಪವನ್ನು ಉಳಿಸಿಕೊಂಡು ಹುಡುಗಿಯನ್ನು ಓಡಿಸಿದುದರಿಂದ, ಕಾವಲಿಗೆ ನಿಂತಿರುವುದು ವಾಸ್ತವತೆಯಲ್ಲ, ಅಭ್ಯಾಸ ಎಂಬುದು ಸ್ಪಷ್ಟ.

ಈ ದೋಷವು ನಮ್ಮ ಜಗಲಿಯದು ಮಾತ್ರವಲ್ಲ. ಅದೇ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ 1978ರ ಪುಸ್ತಕದಲ್ಲಿ ಸ್ತ್ರೀಪಾತ್ರದ ಬಲಕ್ಕೆ ಪುರುಷಪಾತ್ರಕ್ಕಿಂತ ಕೆಳಗಿನ ಮೇಲ್ಮಿತಿಯೊಂದನ್ನು ಗೊತ್ತುಮಾಡಿದ್ದರು. ದೈತ್ಯರೂ ಮಾಯಾವಿಗಳೂ ತುಂಬಿದ ಗ್ರಂಥದಲ್ಲಿ ಇಷ್ಟೊಂದು ಸೂಕ್ಷ್ಮವಾದ ಸತ್ಯನಿಷ್ಠೆ! 1989ರ ಎರಡನೆಯ ಆವೃತ್ತಿಯಲ್ಲಿ ಆ ಮಿತಿಯನ್ನು ತೆಗೆದುಹಾಕಿದರು. ಆಟವೇನೂ ಮುಳುಗಿಹೋಗಲಿಲ್ಲ, ಇಂದಿಗೂ ನಡೆಯುತ್ತಿದೆ.

ಇರಲಿ, ನಿಜವಾದ ಚರಿತ್ರೆಯನ್ನೇ ಸಾಕ್ಷಿಗೆ ಕರೆಯೋಣ. ಔರಂಗಜೇಬನ ಸೈನ್ಯಕ್ಕೆ ಅಂಜದೆ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತವಳು ಕೆಳದಿಯ ಚೆನ್ನಮ್ಮಾಜಿ. ಕಂಪನಿಯ ಸೈನ್ಯವನ್ನು 1824ರಲ್ಲಿ ಎದುರಿಸಿದವಳು ಕಿತ್ತೂರಿನ ಚೆನ್ನಮ್ಮ. ಅದು ರೈಸ್‌ವಿಟ್ಜನು ತನ್ನ ಯುದ್ಧದಾಟವನ್ನು ಅಚ್ಚುಮಾಡಿಸಿದ ವರ್ಷವೇ ಎಂಬುದು ಒಂದು ವಿನೋದ. ಪ್ರಷ್ಯದ ಅಧಿಕಾರಿಗಳು ಕಾಗದದ ಮೇಲೆ ಕಾಳಗವನ್ನು ಕಲಿಯುತ್ತಿದ್ದಾಗ ಕನ್ನಡನಾಡಿನ ಹೆಂಗಸೊಬ್ಬಳು ನಿಜವಾದ ಕಾಳಗವನ್ನು ಮಾಡುತ್ತಿದ್ದಳು. ಇನ್ನು ಕಾಡಿನವರ ಮಾತು. ಮಾಸ್ತಿಯವರನ್ನು ವಾಸ್ತವತೆಯನ್ನರಿಯದವರೆಂದು ಯಾರೂ ಹೇಳಲಾರರು. ಅವರು ‘ಕಾಕನಕೋಟೆ’ ನಾಟಕದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲವನ್ನು ಕಥೆಗೆ ಹಿಡಿದು, ಕಾಡುಕುರುಬರ ಕಾಚನನ್ನು ನಾಯಕನನ್ನಾಗಿ ನಿಲ್ಲಿಸಿದರು. ಆ ಕಾಕನಕೋಟೆಯ ಕಾಡು ನಮ್ಮ ಹಂಪಾಪುರದಿಂದ ಬಹುದೂರವೇನೂ ಅಲ್ಲ. ಕೃಷ್ಣರಾಜನಗರದ ಕಡೆಯ ಚುಂಚನಕಟ್ಟೆಗೆ ಆ ಹೆಸರು ಬಂದುದೂ, ವನವಾಸದಲ್ಲಿದ್ದ ಸೀತಾರಾಮರನ್ನು ಆದರಿಸಿದ ಚುಂಚ ಚುಂಚಿಯರೆಂಬ ಕಾಡಿನ ದಂಪತಿಗಳಿಂದ ಎಂದು ಸ್ಥಳಪುರಾಣ ಹೇಳುತ್ತದೆ. ಪುರಾಣವು ಕಾಡಿನವರಿಗೆ ಆತಿಥೇಯರ ಪದವಿಯನ್ನು ಕೊಟ್ಟಿತು. ನಾಟಕವು ನಾಯಕನ ಪದವಿಯನ್ನು ಕೊಟ್ಟಿತು. ನಮ್ಮ ಜಗಲಿಯ ವಾಸ್ತವವಾದಿಗಳು ಮಾತ್ರ ಆಟದಲ್ಲಿಯೂ ಕೂರಲು ಜಾಗ ಕೊಡಲಾರರು. ಆನೆಯ ಶಿಬಿರಗಳಲ್ಲಿ ಇಂದಿಗೂ ಮಾವುತರೂ ಕಾವಾಡಿಗಳೂ ಬಹುಮಟ್ಟಿಗೆ ಯಾರೆಂಬುದನ್ನು ಅವರು ಒಮ್ಮೆ ಹೋಗಿ ನೋಡಿ ಬರಬಹುದು.

ಆ ಹುಡುಗಿಗೂ ನನ್ನದೊಂದು ಮಾತುಂಟು. ಪಾತ್ರವನ್ನು ಹಿಡಿಯುವ ಹಕ್ಕಿನ ಜೊತೆಗೆ ಪಾತ್ರವನ್ನು ಅರಿಯುವ ಹೊಣೆಯೂ ಬರುತ್ತದೆ. ಜೇನುಕುರುಬರ ಹೆಂಗಸೆಂದರೆ ತಲೆಗೆ ಗರಿ ಸಿಕ್ಕಿಸಿಕೊಂಡ ಗೊಂಬೆಯಲ್ಲ. ಹೆಜ್ಜೇನನ್ನು ಹೇಗೆ ಇಳಿಸುವರು, ಗೂಡಿನಲ್ಲಿ ಎಷ್ಟನ್ನು ಬಿಡುವರು, 1970ರ ದಶಕದಿಂದೀಚೆಗೆ ನಾಗರಹೊಳೆಯ ಒಳಗಣ ಹಾಡಿಗಳನ್ನು ಬಿಟ್ಟು ಎಷ್ಟೋ ಕುಟುಂಬಗಳು ಏಕೆ ಹೊರಬರಬೇಕಾಯಿತು, ಇವನ್ನು ಕೇಳಿ ತಿಳಿದು ಆಡಿದಳಾದರೆ ಅವಳ ಪಾತ್ರವು ಹುಡುಗರ ಹತ್ತು ಯೋಧರಿಗಿಂತ ಹೆಚ್ಚು ವಾಸ್ತವವಾದೀತು. ತಿಳಿಯದೆ ಆಡಿದರೆ ಅವಳೂ ಅವರ ಹಾಗೆಯೇ ಬಣ್ಣದ ಪರದೆಯ ಮುಂದೆ ನಿಂತವಳಾದಾಳು.

ಇನ್ನು ಮೂರನೆಯದು, ಪರಿಣಾಮದ ವಾಸ್ತವತೆ. ಮಾಡಿದುದು ಫಲಿಸಬೇಕು, ಕಳೆದುಕೊಂಡುದು ನೋಯಬೇಕು ಎಂಬುದೇ ಇದರ ಸಾರ. ಆ ದಿನದ ಆಟದಲ್ಲಿ ಹಾರುಸರ್ಪವು ಒಂದು ಹಳ್ಳಿಯನ್ನು ಸುಟ್ಟುಹಾಕಿತು. ವೀರರು ಅದನ್ನು ಕೊಂದು, ಹೊನ್ನನ್ನು ಹಂಚಿಕೊಂಡು, ಮುಂದಿನ ಊರಿಗೆ ನಡೆದರು. ಸುಟ್ಟ ಹಳ್ಳಿಯ ಮಾತನ್ನು ಯಾರೂ ಎತ್ತಲಿಲ್ಲ. ಕತ್ತಿಯ ತೂಕಕ್ಕಾಗಿ ಅರ್ಧ ಗಂಟೆ ವಾದಿಸಿದವರಿಗೆ ಇದು ಅವಾಸ್ತವವಾಗಿ ತೋರಲಿಲ್ಲ! ನಮ್ಮ ಸೀಮೆಯ ಯಾವ ರೈತನನ್ನು ಬೇಕಾದರೂ ಕೇಳಿರಿ. ಒಂದು ರಾತ್ರಿ ಆನೆ ಹೊಲಕ್ಕೆ ನುಗ್ಗಿದರೆ ಬೆಳಗಾದ ಮೇಲಿನ ಕಥೆ ಎಷ್ಟು ಉದ್ದವಾದುದು! ಅಟ್ಟಣೆಯ ಮೇಲೆ ಕುಳಿತು ತಮಟೆ ಬಡಿದು ಪಟಾಕಿ ಹಾರಿಸಿದ ಆ ರಾತ್ರಿಯೇ ಮುಗಿಯುವುದಿಲ್ಲ. ತುಳಿದುಹೋದ ರಾಗಿ, ತೀರದ ಸಾಲ, ಪರಿಹಾರದ ಅರ್ಜಿ, ನಿಂತುಹೋದ ಮದುವೆ, ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಸರ್ಪವು ಸುಳ್ಳಾದರೂ ಈ ಬೆಳಗು ನಿಜವಾಗಬಹುದು. ನಿರ್ವಾಹಕನು ಆ ಬೆಳಗನ್ನು ಕಟ್ಟಬಲ್ಲವನಾದರೆ ಅವನ ಸರ್ಪವನ್ನು ನಾನೂ ನಂಬುವೆನು.

ಆನೆಯ ಮಾತು ಬಂದುದರಿಂದ ಇನ್ನೊಂದು ನಿದರ್ಶನ. ಹುಡುಗರ ಕಥೆಗಳಲ್ಲಿ ನೂರು ಆನೆಗಳ ದಂಡು ಸುಲಭವಾಗಿ ಬಂದುಬಿಡುತ್ತದೆ. ಒಂದು ಆನೆಗೆ ದಿನಕ್ಕೆ ಸುಮಾರು 150 ಕಿಲೋಗ್ರಾಂ ಮೇವು ಬೇಕು. ನೂರು ಆನೆ ಮೂರು ದಿನ ಬೀಡುಬಿಟ್ಟ ಊರಿನಲ್ಲಿ ಹಸುರು ಉಳಿಯುವುದೇ? ಈ ಒಂದು ಅಂಕಿಯನ್ನು ಕೋಷ್ಟಕದಲ್ಲಿ ಬರೆದುಕೊಂಡರೆ ಅದು ಹೊರೆ. ಇದರಿಂದ ಊರವರು ರಾಜನ ಮೇಲೆ ಸಿಟ್ಟಾದರೆ ಅದು ಕಥೆ. ಅಳತೆಯು ಪರಿಣಾಮವಾಗಿ ಮಾರ್ಪಟ್ಟಾಗ ಮಾತ್ರ ಅದಕ್ಕೆ ಆಟದಲ್ಲಿ ಸ್ಥಾನವೆಂದು ನಾನು ಹೇಳುವುದು ಇದರಿಂದಲೇ. ಬಳ್ಳೆಯ ಶಿಬಿರದ ಅರ್ಜುನನೆಂಬ ಆನೆಯು ಎಂಟು ದಸರಾಗಳಲ್ಲಿ 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಹೊತ್ತಿತು. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ, ಕಾಡಿನ ಸಲಗದೊಡನೆ ಹೋರಾಡಿ ಮಡಿಯಿತು. ನಾಡಿಗೆ ನಾಡೇ ಮರುಗಿತು. 750 ಎಂಬುದು ಬರಿಯ ತೂಕ. ಅದನ್ನು ಹೊತ್ತವನು ಕಾಡಿನಲ್ಲಿ ಬಿದ್ದನೆಂಬುದು ದುಃಖ. ಆಟದ ಪುಸ್ತಕಗಳು ಮೊದಲನೆಯದನ್ನು ಕೊಡಬಲ್ಲುವು. ಎರಡನೆಯದನ್ನು ಆಡುವವರೇ ತರಬೇಕು.

ಕಬಿನಿಯ ಮಾತನ್ನು ಮೊದಲೇ ಎತ್ತಿದುದು ಇದಕ್ಕಾಗಿಯೇ. ನಮ್ಮ ಹುಡುಗರು ಮುಳುಗಿದ ನಗರವೊಂದರ ಕಥೆಯನ್ನು ಹೊರದೇಶದ ಪುಸ್ತಕದಿಂದ ತೆಗೆದು ಆಡುತ್ತಾರೆ. ಆ ನಗರದ ಸುತ್ತ ಹಿಮ ಬೀಳುತ್ತದೆ, ಪೈನ್ ಮರಗಳಿರುತ್ತವೆ, ತೋಳಗಳು ಊಳಿಡುತ್ತವೆ. ತಮ್ಮದೇ ತಾಲೂಕಿನಲ್ಲಿ ಹೊಲಮನೆಗಳು ಮುಳುಗಿದುದೂ, ಅಲ್ಲಿಂದ ಎದ್ದುಬಂದವರ ಮೊಮ್ಮಕ್ಕಳು ತಮ್ಮ ಜೊತೆಯಲ್ಲಿಯೇ ಓದಿದುದೂ ಅವರ ಕಲ್ಪನೆಗೆ ಹೊಳೆಯದು. ಹೊರದೇಶದ ಕಥೆ ಬೇಡವೆಂದು ನನ್ನ ವಾದವಲ್ಲ, ಕಲ್ಪನೆಗೆ ಗಡಿಯಿಲ್ಲ. ಆದರೆ ಮುಳುಗುವುದೆಂದರೇನೆಂದು ನೆರೆಯವರಿಂದ ಕೇಳಿ ತಿಳಿದವನು ಕಟ್ಟಿದ ಜಲನಗರಕ್ಕೂ, ಪುಸ್ತಕದಿಂದ ಎತ್ತಿದ ಜಲನಗರಕ್ಕೂ ಅಂತರವಿರುತ್ತದೆ. ಆ ಅಂತರಕ್ಕೆ ವಾಸ್ತವತೆಯೆಂದು ಹೆಸರಿಟ್ಟರೆ ನಾನೂ ಆ ಪಕ್ಷದವನೇ.

ನನ್ನ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ನಿಯಮಗಳನ್ನು ಸಡಿಲಿಸಿ ಎಲ್ಲವನ್ನೂ ನಿರ್ವಾಹಕನ ವಿವೇಕಕ್ಕೆ ಒಪ್ಪಿಸಿದರೆ ಪಕ್ಷಪಾತಕ್ಕೆ ಎಡೆಯಾಗುವುದಿಲ್ಲವೇ ಎಂಬುದು ಮೊದಲನೆಯದು. ಆಗುವುದು, ಒಪ್ಪುತ್ತೇನೆ. ಕೋಷ್ಟಕಕ್ಕೆ ನೆಂಟರಿಷ್ಟರಿಲ್ಲವೆಂಬುದು ಅದರ ದೊಡ್ಡ ಗುಣ. ಆದುದರಿಂದ ದಾಳವೂ ಇರಲಿ, ಎಲ್ಲರಿಗೂ ತಿಳಿದ ನಾಲ್ಕು ನಿಯಮಗಳೂ ಇರಲಿ. ಆದರೆ ನಾನು ಕಂಡ ಪಕ್ಷಪಾತವು ನಿಯಮವಿಲ್ಲದೆ ಬಂದುದಲ್ಲ; ವಾಸ್ತವತೆಯೆಂಬ ನಿಯಮದ ಹೆಸರಿನಲ್ಲಿಯೇ ಬಂದುದು. ಎರಡನೆಯ ಆಕ್ಷೇಪವೆಂದರೆ, ಆಟವು ವಿನೋದಕ್ಕಾಗಿ. ಅಲ್ಲಿಗೂ ದುಃಖವನ್ನೂ ಹೊಣೆಯನ್ನೂ ತರಬೇಕೆ? ಇದಕ್ಕೆ ಉತ್ತರ ಸುಲಭ. ವಿನೋದವೆಂದರೆ ನಗು ಮಾತ್ರವಲ್ಲ. ‘ಕುರುಕ್ಷೇತ್ರ’ವನ್ನು ರಾತ್ರಿಯೆಲ್ಲ ನೋಡಿ ಕಣ್ಣೊರಸಿಕೊಂಡು ಮನೆಗೆ ಬಂದವರು, ಚೆನ್ನಾಗಿತ್ತು ಎಂದೇ ಹೇಳುತ್ತಾರೆ. ಕರುಣವೂ ರಸವೇ ಎಂದು ನಮ್ಮ ಹಿರಿಯರು ಎಂದೋ ತೀರ್ಮಾನಿಸಿದ್ದಾರೆ. ಏನೂ ಕಳೆದುಕೊಳ್ಳಲಾಗದ ಆಟದಲ್ಲಿ ಗೆದ್ದುದರ ಸಂತೋಷವೂ ತೆಳುವಾದುದು.

ಆದಕಾರಣ ನಮ್ಮ ಯುವಕರು ಮುಂದೆ ಯಾವುದನ್ನಾದರೂ ಅವಾಸ್ತವವೆಂದು ತಡೆಯುವ ಮೊದಲು ತಮ್ಮನ್ನು ತಾವೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇದು ನಾವು ಕಟ್ಟಿಕೊಂಡ ಲೋಕದ ನಿಯಮಕ್ಕೆ ವಿರೋಧವೇ, ಇಲ್ಲವೆ ನಮ್ಮ ಅಭ್ಯಾಸಕ್ಕೆ ವಿರೋಧವೇ? ಈ ಅಳತೆಯಿಂದ ಕಥೆಯಲ್ಲಿ ಯಾರಿಗಾದರೂ ಏನಾದರೂ ಆಗುವುದೇ, ಇಲ್ಲವೆ ಕಾಗದದ ಮೇಲೆ ಅಂಕಿ ಮಾತ್ರ ಬದಲಾಗುವುದೇ? ನಾವು ಮಾಡಿದುದರ ಫಲವನ್ನು ಮರುದಿನ ನೋಡಲು ನಾವು ಸಿದ್ಧರೇ? ಈ ಮೂರಕ್ಕೂ ಪ್ರಾಮಾಣಿಕವಾಗಿ ಉತ್ತರ ಕೊಡುವವನಿಗೆ ಸರ್ಪವು ಎಷ್ಟು ಎತ್ತರಕ್ಕೆ ಹಾರಿದರೂ ಅಪಾಯವಿಲ್ಲ.

ಮುಂದಿನ ರಜದಲ್ಲಿ ಮಕ್ಕಳು ಮತ್ತೆ ಬರುತ್ತಾರೆ, ಜಗಲಿಯೂ ಇರುತ್ತದೆ. ಆ ಹುಡುಗಿ ತನ್ನ ಪಾತ್ರವನ್ನು ಬಿಟ್ಟುಕೊಡಕೂಡದೆಂದು ಅವಳಿಗೂ, ಒಂದು ಸಂಜೆ ಅವಳ ಹಿಂದೆ ನಡೆದು ನೋಡಿರೆಂದು ಹುಡುಗರಿಗೂ ಈ ಪತ್ರಿಕೆಯ ಮೂಲಕವೇ ಹೇಳುತ್ತಿದ್ದೇನೆ. ಕಾಡಿನಲ್ಲಿ ದಾರಿ ತಪ್ಪಿದವರಿಗೆ, ದಾರಿ ಬಲ್ಲವಳು ಯಾರ ಮಗಳೆಂದು ವಿಚಾರಿಸುತ್ತ ನಿಲ್ಲುವಷ್ಟು ಬಿಡುವಿರುವುದಿಲ್ಲ. ಅದಕ್ಕಿಂತ ದೊಡ್ಡ ವಾಸ್ತವತೆ ನನಗೆ ತಿಳಿಯದು.